ಚೆಲ್ಲದೆ ಉಂಡರೆ ಮಾತ್ರ ಪ್ರವೇಶ

“ಚೆಲ್ದೆ ಉಣ್ಣೋದ್ ಕಲೀಲಿ, ಆಮೇಲೆ ಸೇರಿಸ್ಕತೀನಿ.”

ಹೀಗೆಂದವರು ಅಂಗನವಾಡಿ ಟೀಚರ್ ಗೌರಮ್ಮ. ಮಾತು ನಾಲ್ಕು ವರ್ಷದ ಮಾದೇಶನ ಬಗ್ಗೆ. ಹುಟ್ಟಿನಿಂದಲೇ ಅವನ ಕೈಗಳು ಬಿಗಿ. ಮುಷ್ಟಿ ಸುಲಭಕ್ಕೆ ಬಿಚ್ಚುವುದಿಲ್ಲ. ಇಂಥ ಪುಟ್ಟ ಮಕ್ಕಳಿಗೆ ಕಲಿಸುವುದು ಹೇಗೆಂದು ಹಳ್ಳಿಯ ಟೀಚರುಗಳಿಗೆ ಹೇಳಿಕೊಡುವುದು ಚೆನ್ನೈನ ಪೋರೂರಿನಲ್ಲಿ ನನ್ನ ಕೆಲಸ. ಪಾಠವೆಲ್ಲ ತಮಿಳಿನಲ್ಲಿ. (ನನ್ನ ತಮಿಳು ಮೈಸೂರಿನದಂತೆ. ನನ್ನ ಮಗಳು ಇದನ್ನೂ ತಮಿಳಿನಲ್ಲೇ ಹೇಳುತ್ತಾಳೆ.) ಈ ತರಬೇತಿಗೆ ಬಂದಿದ್ದ ಗೌರಮ್ಮನದು ತಾಳವಾಡಿ ಕಡೆ, ತಮಿಳುನಾಡಿನ ಊರು, ಮನೆಮಾತು ಕನ್ನಡ. ಹಾಗಾಗಿ ನಮ್ಮ ಜಗಳ ಕನ್ನಡದಲ್ಲೇ ಆಯಿತು.

ಮಾದೇಶನ ತಾಯಿ ಶಿವಮ್ಮ ಅದೇ ಊರಿನವಳು. ಮಗನನ್ನು ಚೆನ್ನೈನ ಆಸ್ಪತ್ರೆಗೆ ಕರೆತಂದಿದ್ದವಳನ್ನು ಪ್ರಾಕ್ಟಿಕಲ್ ಕ್ಲಾಸಿಗೆ ನಾನೇ ಕರೆಸಿದ್ದೆ.

“ಅಕ್ಕ, ಇವ ಬಾಗಲಲ್ಲಿ ಕುಂತ್ಕಂಡು ಅಂಗನವಾಡಿಗೆ ಹೋಗೋ ಮಕ್ಕಳನ್ನೇ ನೋಡ್ತನೆ. ಒಂದ್ ಮೂಲೇಲಿ ಕೂರಿಸ್ಕಳಕ್ಕ,” ಎಂದಳು ಗೌರಮ್ಮನಿಗೆ.

ಮೂಲೆಯಲ್ಲಂತೆ!

ನಾನು ಗೌರಮ್ಮನನ್ನು ಕೇಳಿದೆ: “ನಿಮ್ಮ ಮಿಕ್ಕ ಮಕ್ಕಳೆಲ್ಲ ಚೆಲ್ಲದೆ ಉಣ್ತಾರಾ?”

“ಎಲ್ಲಿ ಮೇಡಂ! ಅರ್ಧ ನೆಲಕ್ಕೇ. ಸುತ್ತ ಕೂರಿಸ್ಕಂಡು ನಾನೇ ಕೈತುತ್ತು ಹಾಕ್ತೀನಿ. ಇಲ್ದಿದ್ರೆ ಸಂಜೆಯಾದ್ರೂ ಮುಗಿಯಲ್ಲ.”

“ಮತ್ತೆ ಇವನೊಬ್ಬನಿಗೇಕೆ ಪರೀಕ್ಷೆ?”

   

ಊಟದ ಹೊತ್ತಾಯಿತು. ಗೌರಮ್ಮ ಎದ್ದು ಸಾಂಬಾರು ಅನ್ನ ಕಲಸಿದರು. ಕ್ಲಾಸಿಗೆ ಬಂದಿದ್ದ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡರು. ಅಂಗೈಗೊಂದು ತುತ್ತು. ಮಾದೇಶನ ಸರದಿ. ಕೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಶಿವಮ್ಮ ಬಿಡಿಸಲು ಓಡಿ ಬಂದಳು.

“ಇರವ್ವ, ಅವನೇ ಬಿಚ್ಚಲಿ.”

ಹೀಗೆಂದು ಗೌರಮ್ಮ ಕಾದರು. ಬೆಳಗಿನಿಂದ ನಾನು ಬಡಬಡಿಸುತ್ತಿದ್ದುದೂ ಅದನ್ನೇ: ಮಗುವಿನ ಕೆಲಸ ಕಿತ್ತುಕೊಳ್ಳಬೇಡಿ, ಕಾಯಿರಿ. ಪಕ್ಕದ ಹುಡುಗಿ “ಶೀಕ್ರಂ ಡಾ!” ಬೇಗ ಕಣೋ, ಎಂದು ತಮಿಳಿನಲ್ಲಿ ಗದರಿದಳು. ಬೆರಳುಗಳು ಸಡಿಲವಾದವು. ತುತ್ತು ಕೂತಿತು. ಬಾಯಿಗೆ ಹೋಯಿತು.

ಎಂದು ಬರೆಯಲು ನನಗಾಸೆ. ನನ್ನ ಸಹೋದ್ಯೋಗಿ ಕಲಾ ಹೇಳುವ ಪ್ರಕಾರ ಮುಕ್ಕಾಲು ಪಾಲು ಗೌರಮ್ಮನ ಸೀರೆಗೆ ಹೋಯಿತು. ಅವಳು ಹೇಳಿದ್ದೇ ಸರಿಯಿರಬಹುದು. ಆದರೆ ಗೌರಮ್ಮ ಸೀರೆ ಕೊಡವಿಕೊಳ್ಳುತ್ತಾ ಆಡಿದ ಮಾತು ನಮ್ಮಿಬ್ಬರಿಗೂ ಒಂದೇ ಥರ ನೆನಪಿದೆ.

“ಸೋಮವಾರದಿಂದ ಕರ್ಕಂಡ್ ಬಾ ಶಿವಮ್ಮ. ಮೂಲೇಲಲ್ಲ, ನನ್ ಮಗ್ಗುಲಲ್ಲೇ ಕೂರಿಸ್ಕತೀನಿ. ಹೆಂಗೂ ಸೀರೆ ಕೆಟ್ಟೋಯ್ತು!”

ಶಿವಮ್ಮ ನಕ್ಕಳೋ ಅತ್ತಳೋ, ಖಚಿತವಾಗಿ ಹೇಳಲಾರೆ. ಖಚಿತವಾಗಿ ಹೇಳಬಲ್ಲುದು ಇಷ್ಟು: ಚೆಲ್ಲದೆ ಉಣ್ಣುವುದನ್ನು ಕಲಿಸಬೇಕು, ಕಲಿಸುತ್ತೇವೆ. ಅದು ಒಳಗೆ ಬಂದ ಮೇಲಿನ ಪಾಠ, ಬಾಗಿಲಲ್ಲಿ ಕೇಳುವ ಟಿಕೆಟ್ ಅಲ್ಲ.

ಅಂಗಿಯ ಮೇಲಿನ ಸಾಂಬಾರಿನ ಕಲೆ ನೋಡಿ ನಿಮ್ಮನ್ನು ಯಾವ ಆಫೀಸಿನವರಾದರೂ ಬಾಗಿಲಲ್ಲೇ ತಡೆದಿದ್ದಾರೆಯೇ?