ಮದ್ದಿನ ವಾಸನೆ ಹೋದ ಮೇಲೆ

ಮೀನಪ್ಪನನ್ನು ಕಣ್ಣಿನಿಂದ ಗುರುತು ಹಿಡಿದವರು ಕಡಿಮೆ, ಮೂಗಿನಿಂದ ಹಿಡಿದವರೇ ಹೆಚ್ಚು. ಅವನು ಬೀದಿಯ ಆ ತುದಿಗೆ ಬಂದರೆ ಈ ತುದಿಯ ಬೆಕ್ಕುಗಳು ಎದ್ದು ಮೈಮುರಿಯುತ್ತಿದ್ದವು. ಒಮ್ಮೆ ಒಂದು ಕೊಕ್ಕರೆ ಕಾರ್ಮಿಕರ ಬಸ್ಸನ್ನು ಕಾರ್ಖಾನೆಯ ಗೇಟಿನ ತನಕ ಅಟ್ಟಿಸಿಕೊಂಡು ಬಂದಿತ್ತು ಎಂದು ಡ್ರೈವರ್ ಇವತ್ತಿಗೂ ಆಣೆ ಇಟ್ಟು ಹೇಳುತ್ತಾನೆ. ಡ್ರೈವರ್ ಮಾತನ್ನು ಅರ್ಧ ನಂಬಿದರೆ ಸಾಕು. ಬಸ್ಸಿನಲ್ಲಿ ಮೀನಪ್ಪನ ಪಕ್ಕದ ಸೀಟು ಸದಾ ಖಾಲಿ ಇರುತ್ತಿತ್ತು ಅನ್ನುವುದು ಮಾತ್ರ ಪೂರ್ತಿ ನಿಜ.

ತಮಾಷೆ ಏನೆಂದರೆ, ಮೈಯೆಲ್ಲ ಮೀನಿನ ವಾಸನೆ ಹೊಡೆದರೂ ಅವನಿಗೂ ಮೀನಿಗೂ ಸಂಬಂಧವೇ ಇರಲಿಲ್ಲ. ಅವನ ಕೆಲಸ ಪೊಟ್ಯಾಷ್ ಕಾರ್ಖಾನೆಯಲ್ಲಿ. ಗಣಿಯಿಂದ ಬರುವ ಕಲ್ಲಿನಲ್ಲಿ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ಉಪ್ಪು, ಅಡುಗೆ ಉಪ್ಪು ಎರಡೂ ಒಂದೇ ಮನೆಯ ದಾಯಾದಿಗಳ ಹಾಗೆ ಸಿಕ್ಕಿಹಾಕಿಕೊಂಡಿರುತ್ತವೆ. ಬರೀ ನೀರು ಹಾಕಿದರೆ ಎರಡೂ ಕರಗಿಹೋಗುತ್ತವೆ. ಅದಕ್ಕೇ ಕಲ್ಲನ್ನು ಪುಡಿ ಮಾಡಿ, ಇನ್ನೊಂದು ಹರಳೂ ಕರಗದಷ್ಟು ಉಪ್ಪು ಕುಡಿದ ನೀರಿನಲ್ಲಿ ಕಲಸಿ, ಒಂದಿಷ್ಟು ರಾಸಾಯನಿಕ ಮದ್ದು ಬಿಟ್ಟು, ಗಾಳಿ ಊದುತ್ತಾರೆ. ಮದ್ದು ಪೊಟ್ಯಾಷಿನ ಹರಳನ್ನಷ್ಟೇ ಹಿಡಿಯುತ್ತದೆ. ಮದ್ದು ಮೆತ್ತಿದ ಹರಳಿಗೆ ನೀರು ಕಂಡರಾಗದು. ಗುಳ್ಳೆ ಹತ್ತಿ, ನೊರೆಯ ಜೊತೆ ಮೇಲೆ ಬಂದುಬಿಡುತ್ತದೆ. ಅಡುಗೆ ಉಪ್ಪು ತಳದಲ್ಲೇ ಉಳಿಯುತ್ತದೆ.

ಆ ಮದ್ದು ತಣ್ಣಗಾದರೆ ಮೇಣದ ಹಾಗೆ ಗಟ್ಟಿ. ಅದನ್ನು ಕಾಯಿಸಿ, ಆಸಿಡ್ ಬೆರೆಸಿ, ತೊಟ್ಟಿಗೆ ಬಿಡುವವನು ಮೀನಪ್ಪ. ಕಾದ ಮದ್ದಿಗೆ ಹಳಸಿದ ಮೀನಿನ ವಾಸನೆ. ಸೋಪು ಹಚ್ಚಿದರೆ ಜಿಡ್ಡುಗಟ್ಟಿ ಮೈಗೆ ಇನ್ನಷ್ಟು ಅಂಟುತ್ತದೆ, ವಿನೆಗರಿನಲ್ಲಿ ತೊಳೆದರೆ ತುಸು ಬಿಡುತ್ತದೆ. ಹಾಗಾಗಿ ಸಂಜೆ ಅವನು ಉಪ್ಪಿನಕಾಯಿಗೆ ಹಾಕಿದ ಮೀನಾಗಿ ಮನೆಗೆ ಬರುತ್ತಿದ್ದ.

ಹೆಂಡತಿ ಇರುವ ತನಕ ಹೇಗೋ ನಡೆಯಿತು. ಅವಳ ಮೂಗಿಗೆ ಒಗ್ಗಿತ್ತು. ಅವಳು ತೀರಿಕೊಂಡ ಮೇಲೆ ಮಗಳು ಬರುವುದೇ ಅಪರೂಪವಾಯಿತು. ಹೋದ ಸಲ ಪುಟ್ಟ ಮೊಮ್ಮಗಳು ತಾತನ ಮಡಿಲಲ್ಲೇ ವಾಂತಿ ಮಾಡಿಕೊಂಡಳು. ಮಗಳು ಅವತ್ತು ಸಂಜೆಯೇ ಹೊರಟಳು.

“ಬೇಜಾರ್ ಮಾಡ್ಕೋಬೇಡಪ್ಪ. ಮಗೂಗೆ ಆ ವಾಸನೆ ಆಗಲ್ಲ.”

ಈ ಸಲ ನಾಲ್ಕು ದಿನ ಇರುತ್ತೇನೆ ಎಂದು ಅವಳು ಫೋನ್ ಮಾಡಿದಾಗ ಮೀನಪ್ಪ ಮೇಸ್ತ್ರಿಯ ಬೆನ್ನು ಬಿದ್ದ.

“ನನ್ನನ್ನ ಚೀಲ ತುಂಬೋ ಕಡೆ ಹಾಕಿ ಮೇಸ್ತ್ರಿಗಳೇ. ಮೊಮ್ಮಗಳು ಬರ್ತಾಳೆ.”

“ಬೆಕ್ಕುಗಳನ್ನ ಒಂದ್ಮಾತು ಕೇಳಿದ್ಯೇನಯ್ಯಾ? ಪಾಪ, ಉಪವಾಸ ಕೂತಾವು” ಎಂದು ನಕ್ಕ ಮೇಸ್ತ್ರಿ, ಹಾಕಿಯೂ ಹಾಕಿದ.

ಮೀನಪ್ಪ ಹಳೆಯ ಬಟ್ಟೆಗಳನ್ನು ಸುಟ್ಟ, ಹಾಸಿಗೆ ಬದಲಾಯಿಸಿದ, ಗೋಡೆಗೆ ಸುಣ್ಣ ಹೊಡೆಸಿದ. ವಾಸನೆ ಹೋಯಿತು. ಬಸ್ಸಿನಲ್ಲಿ ಒಬ್ಬ ಪಕ್ಕದಲ್ಲಿ ಕೂತು, ನಿದ್ದೆ ಹೋಗಿ, ಇವನ ಹೆಗಲಿಗೆ ಒರಗಿದ. ತಾನು ಇಳಿಯುವ ಸ್ಟಾಪು ದಾಟಿದರೂ ಮೀನಪ್ಪ ಅಲುಗಾಡಲಿಲ್ಲ.

ಮಗಳು ಬಂದಳು. ಮಗು ತಾತನ ಮೀಸೆ ಎಳೆದು, ಕಿವಿ ಹಿಂಡಿ, ಮಡಿಲಲ್ಲೇ ನಿದ್ದೆ ಹೋಯಿತು.

“ವಾಸನೇನೇ ಇಲ್ವಲ್ಲಪ್ಪ” ಎಂದಳು ಮಗಳು.

“ಇಲ್ಲ ನೋಡು. ಬಸ್ಸಲ್ಲಿ ಜಾಗ ಸಿಕ್ತಾ?”

“ಸಿಕ್ತು.”

“ಅಳಿಯಂದ್ರು ಚೆನ್ನಾಗಿದಾರಾ?”

“ಚೆನ್ನಾಗಿದಾರೆ.”

ಅಲ್ಲಿಗೆ ಮಾತು ಮುಗಿಯಿತು. ಅಮ್ಮ ಇದ್ದಾಗ ಅಪ್ಪ-ಮಗಳ ಮಾತೆಲ್ಲ ಅವಳ ಕೈ ದಾಟಿಯೇ ಹೋಗಿಬರುತ್ತಿತ್ತು. ಈಗ ಇಬ್ಬರೂ ಹೊಸ ಸುಣ್ಣದ ಗೋಡೆ ನೋಡುತ್ತ ಕೂತರು. ಊಟವಾದ ಮೇಲೆ ಮಗಳು ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟಳು.

“ಸಂಜೆ ಬಸ್ಸಿಗೆ ಹೊರಡ್ತೀವಪ್ಪ.”

“ನಾಲ್ಕ್ ದಿನ ಅಂದಿದ್ದೆ.”

“ಅಂದಿದ್ದೆ.” ಅವಳು ಸರಿಯಾಗೇ ಇದ್ದ ಮಗುವಿನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. “ಇನ್ನೊಂದ್ ಸಲ ಬಿಡುವಾಗಿ ಬರ್ತೀನಿ.”

ಅವರು ಹೋದ ಮೇಲೆ ಮೀನಪ್ಪ ಅಂಗಿಯ ತೋಳು ಮೂಸಿ ನೋಡಿಕೊಂಡ. ಏನೂ ಇರಲಿಲ್ಲ.

ಮಾರನೆಯ ದಿನ ಮೇಸ್ತ್ರಿಯ ಮುಂದೆ ಹೋಗಿ ನಿಂತ. “ನನ್ನನ್ನ ಹಳೇ ಜಾಗಕ್ಕೇ ಹಾಕ್ಬಿಡಿ.”

“ಯಾಕಯ್ಯಾ, ಮಗಳು?”

“ಹೋದ್ಲು, ನಿನ್ನೆ ಸಂಜೇನೇ.”

“ವಾಸನೆ ಹೋಗಿತ್ತಲ್ಲಯ್ಯಾ.”

“ಅದಕ್ಕೇ ಕೇಳ್ತಿರೋದು. ವಾಸನೆ ಇದ್ರೆ, ವಾಸನೆಗೇ ಹೋದ್ಲು ಅನ್ಕೋಬೋದು.”

ಮೇಸ್ತ್ರಿ ಮದ್ದಿನ ಕೋಣೆಯ ಕಡೆ ಕೈ ತೋರಿಸಿದ. ಅಲ್ಲಿ ಪೀಪಾಯಿಯಲ್ಲಿ ಮದ್ದು ಗಟ್ಟಿಯಾಗಿ ಕೂತಿತ್ತು. ಮೀನಪ್ಪ ಹಬೆಯ ವಾಲ್ವು ತಿರುಗಿಸಿ, ಅದು ಕರಗುವ ತನಕ ಪಕ್ಕದಲ್ಲೇ ನಿಂತ.