ಅಣ್ಣನ ಕಂಬಳಿ ಕಂಡರೆ ಚಿಗರಿ ಓಡುತ್ತಿರಲಿಲ್ಲ

ಮಳೆಗಾಲ ಮುಗಿಯಿತೆಂದು ಮೊನ್ನೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕಲು ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಕೆಳಗಿದ್ದ ಕರಿ ಕಂಬಳಿಯ ವಾಸನೆ ಮೊದಲು ಮೇಲೆ ಬಂತು. ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ, ಒಲೆಯ ಹೊಗೆ... ಅದರ ಒಂದು ಮೂಲೆಗೆ ಕೋರ್ಟಿನವರು ಚೀಟಿ ಕಟ್ಟಿದ ದಾರ ಇನ್ನೂ ಹಾಗೇ ಇದೆ. ದಾರಕ್ಕೆ ಕೆಂಪು ಅರಗಿನ ಚೂರು ಅಂಟಿದೆ. ಎರಡು ವರ್ಷದಿಂದ ಈ ಕಂಬಳಿ ನನ್ನ ಹತ್ತಿರವಿದೆ. ಒಂದು ಸಲವೂ ಹೊದ್ದಿಲ್ಲ.

ಅದು ನನ್ನ ಅಣ್ಣನದು.

ನಾವು ಠಾಣಾ ಕುಶನೂರಿನ ಕಡೆಯವರು, ಕುರಿ ಸಾಕುವ ಮನೆತನ. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಬಿಡಿಸಿದರು. ಆಮೇಲೆ ಮರಿಗಳನ್ನು ಹೊಡೆದುಕೊಂಡು ಅಣ್ಣನ ಹಿಂದೆ ಗಾಯರಾಣಕ್ಕೆ ಹೋಗುತ್ತಿದ್ದೆ. ಗಾಯರಾಣವೆಂದರೆ ಸರಕಾರಿ ಹುಲ್ಲುಭೂಮಿ, ಊರ ದನಕುರಿಗಳೆಲ್ಲ ಮೇಯುವ ಜಾಗ. ಅಲ್ಲಿ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡೂ ಇತ್ತು. ಹಿಂಡಿಗೆ ಒಂದು ಕರಿ ಗಂಡು. ಅದು ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲೇ ಗುಡ್ಡೆ ಬೀಳುತ್ತದೆ. ಮೇಲಿನ ಹಿಕ್ಕೆ ಹೊಳೆಯುತ್ತಿದ್ದರೆ ಈಗಷ್ಟೇ ಹೋಗಿದೆ, ಮಂಕಾಗಿದ್ದರೆ ಸಂಜೆಗೆ ಬರುತ್ತದೆ. ಹೀಗೆಲ್ಲ ಹೇಳಿಕೊಟ್ಟವನು ಅಣ್ಣ. ಹೇಳಿಕೊಟ್ಟು ಕೊನೆಗೆ ಒಂದು ಮಾತು ಅಂದಿದ್ದ. "ಇದು ಯಾರ ಮುಂದೂ ಹೇಳಬ್ಯಾಡ ತಂಗಿ. ನಾವೂ ಮೇಸಾಕ ಬಂದೀವಿ, ಅವೂ ಮೇಯಾಕ ಬಂದಾವ."

ಕಂಬಳಿ ಹೊದ್ದು ಅವನು ಹತ್ತಿರ ಹೋದರೂ ಚಿಗರಿಗಳು ತಲೆ ಎತ್ತುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಕಪ್ಪು ಆಕಾರವನ್ನು ನೋಡಿದ್ದವು.

ನನ್ನನ್ನು ಭಾಲ್ಕಿಗೆ ಕೊಟ್ಟರು. ಗಂಡನ ಮನೆಯವರು ಅಂಗಡಿ ಇದ್ದವರು, ಓದಿದವರು. ನನ್ನ ಮಾತು, ನನ್ನ ನಡಿಗೆ, ನಾನು ರೊಟ್ಟಿ ಬಡಿಯುವ ಸಪ್ಪಳ, ಎಲ್ಲಕ್ಕೂ ಅವರಿಗೆ ನಗು. ಗಂಡನ ಅಣ್ಣ, ನನ್ನ ಭಾವ, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಮದುವೆಯಾದ ವರ್ಷ ಎಳ್ಳಮಾವಾಸ್ಯೆಗೆ ತವರಿಗೆ ಬಂದಿದ್ದೆ. ಹಬ್ಬದ ಮರುದಿನ ಭಾವ ಒಬ್ಬ ಗೆಳೆಯನ ಜೀಪಿನಲ್ಲಿ ಬಂದರು. ಅಣ್ಣ ಮನೆಯಲ್ಲಿರಲಿಲ್ಲ. ಕುರಿಗಳ ಕಾಲುಬೇನೆಗೆ ಔಷಧ ತರಲು ಔರಾದಿಗೆ ಹೋಗಿದ್ದ. ಬಸ್ಸಿನಲ್ಲಿ ಕಂಬಳಿ ಯಾಕೆಂದು ಗೂಟಕ್ಕೆ ಹಾಕಿ ಹೋಗಿದ್ದ.

"ನಿಮ್ಮ ಗಾಯರಾಣದಾಗ ಚಿಗರಿ ಅದಾವಂತಲ್ಲ, ತೋರಸ್ತಿ ಏನು?" ಎಂದರು ಭಾವ.

"ಇಕಿಗೇನ್ ಗೊತ್ತಿರ್ತದೋ," ಎಂದ ಗೆಳೆಯ.

"ಕುರಿ ಎಣಸಾಕ ಬರ್ತದ. ಚಿಗರಿನೂ ಎಣಸ್ಯಾಳು."

ಇಬ್ಬರೂ ನಕ್ಕರು. ನಾನು ಚಪ್ಪಲಿ ಮೆಟ್ಟಿ ಅವರಿಗಿಂತ ಮುಂದೆ ನಡೆದೆ.

ಗಾಯರಾಣದಲ್ಲಿ ಅವರಿಗೆ ಎಲ್ಲ ತೋರಿಸಿದೆ. ಹೆಜ್ಜೆ ಯಾವುದು ಹೆಣ್ಣಿನದು, ಯಾವುದು ಗಂಡಿನದು, ಹುಲ್ಲು ಎಲ್ಲಿ ಮಲಗಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಹಿಕ್ಕೆಯ ಗುಡ್ಡೆಯ ಹತ್ತಿರ ಕುಳಿತು ಒಂದನ್ನು ಬೆರಳಲ್ಲಿ ಒಡೆದು, ಸಂಜೆ ಬಿಸಿಲು ಇಳಿಯುವಾಗ ಬರುತ್ತದೆ ಎಂದೆ. ಭಾವ ನಗಲಿಲ್ಲ. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡದ್ದು ಅದೇ ಮೊದಲು.

"ನಮ್ಮನ್ನ ಕಂಡ್ರ ಓಡ್ತಾವಲ್ಲ?"

"ಪ್ಯಾಂಟು ಶರ್ಟು ಕಂಡ್ರ ಓಡ್ತಾವ್ರಿ ಭಾವಾ. ಅಣ್ಣನ ಕಂಬಳಿ ಕಂಡ್ರ ಓಡಂಗಿಲ್ಲ."

"ಭಾರಿ ಶಾಣ್ಯಾಕಿ ಇದ್ದಿ ನೀ," ಎಂದರು.

ನಾನೇ ಮನೆಗೆ ಹೋಗಿ ಗೂಟದ ಮೇಲಿನ ಕಂಬಳಿ ತಂದುಕೊಟ್ಟೆ. ನೋಡುವುದಕ್ಕಷ್ಟೇ ಬಂದಿದ್ದಾರೆ ಎಂದುಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಜೀಪಿನ ಸೀಟಿನ ಕೆಳಗೆ ಗೋಣಿಚೀಲ ಸುತ್ತಿದ ಉದ್ದನೆಯದೊಂದನ್ನು ನಾನು ಕಂಡಿದ್ದೆ.

ಸಂಜೆ ಹಿಟ್ಟು ನಾದುತ್ತಿದ್ದಾಗ ಒಂದು ಸಪ್ಪಳವಾಯಿತು. ಒಂದೇ.

"ಏನದು?" ಎಂದಳು ಅವ್ವ.

"ಪಟಾಕಿ ಇರಬೇಕು," ಎಂದೆ.

ಜೀಪು ಮನೆಯ ಮುಂದೆ ನಿಂತಿತು. ಭಾವ ಕಂಬಳಿಯನ್ನು ಕಟ್ಟೆಯ ಮೇಲಿಟ್ಟು, ಚಹಾ ಕೂಡ ಕುಡಿಯದೆ ಹೊರಟುಹೋದರು. ನಾನು ಅದನ್ನು ಬಿಡಿಸಿ ನೋಡದೆ ಗೂಟಕ್ಕೆ ಹಾಕಿದೆ.

ಅಣ್ಣ ರಾತ್ರಿ ಕೊನೆಯ ಬಸ್ಸಿಗೆ ಬಂದು ಮಲಗಿದ್ದ. ಬೆಳಿಗ್ಗೆ ಅರಣ್ಯ ಇಲಾಖೆಯವರು ಬಂದರು. ತೊಗರಿ ಕೊಯ್ಯುತ್ತಿದ್ದ ಒಬ್ಬ, ಕಂಬಳಿ ಹೊದ್ದವನು ಬಗ್ಗಿ ಹೋಗುವುದನ್ನು ದೂರದಿಂದ ನೋಡಿದ್ದನಂತೆ. ಅವರು ಕಂಬಳಿ ಇಳಿಸಿ ಅಂಗಳದಲ್ಲಿ ಬಿಡಿಸಿದರು. ಅಂಚಿನಲ್ಲಿ ಅಂಗೈಯಗಲ ರಕ್ತ ಒಣಗಿತ್ತು.

"ಯಾರ್ದಿದು?"

"ನಂದೇ ರೀ," ಎಂದ ಅಣ್ಣ.

"ನಿನ್ನೆ ಸಂಜಿಗಿ ಎಲ್ಲಿದ್ದಿ?"

ಅಣ್ಣ ರಕ್ತ ನೋಡಿದ. ಅಂಗಳದಲ್ಲಿ ಜೀಪು ತಿರುಗಿದ ಗುರುತು ನೋಡಿದ. ಆಮೇಲೆ ನನ್ನನ್ನು ನೋಡಿದ. ಮತ್ತೆ ಬಾಯಿ ತೆರೆಯಲಿಲ್ಲ. "ಔರಾದಿಗಿ ಹೋಗಿದ್ದನ್ರಿ, ಔಷಧ ತರಾಕ," ಎಂದು ಅವ್ವ ಎಷ್ಟೋ ಸಲ ಹೇಳಿದಳು. ತಾಯಿ ಮತ್ತೇನು ಹೇಳಿಯಾಳು ಎಂದು ಅವನನ್ನು ಕರೆದುಕೊಂಡು ಹೋದರು.

ಮರುದಿನ, ಅವನು ಔರಾದಿಗೆ ಹಾಕಿಕೊಂಡು ಹೋಗಿದ್ದ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಬಸ್ಸಿನ ಟಿಕೀಟು ಸಿಕ್ಕಿತು. ಔರಾದಿನಿಂದ ಠಾಣಾ ಕುಶನೂರಿಗೆ, ಆ ಸಪ್ಪಳ ಕೇಳಿದ ದಿನದ್ದೇ, ಕೊನೆಯ ಬಸ್ಸಿನದು. ಅದನ್ನು ಓದುವಷ್ಟು ಅಕ್ಷರ ನನಗೆ ಬರುತ್ತಿತ್ತು. ಒಯ್ದು ತೋರಿಸಿದ್ದರೆ ಅವನನ್ನು ಬಿಡುತ್ತಿದ್ದರೋ ಏನೋ. ಆದರೆ ತೋರಿಸಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಹಾಗಾದರೆ ಕಂಬಳಿ ಯಾರು ಹೊದ್ದಿದ್ದರು, ಯಾರು ಕೊಟ್ಟರು... ಭಾಲ್ಕಿಯ ಬಾಗಿಲು ನನಗೆ ಮುಚ್ಚಿಹೋಗುತ್ತಿತ್ತು.

ಟಿಕೀಟನ್ನು ಒಲೆಗೆ ಹಾಕಿದೆ. ಮೇಲೆ ಹಂಚಿತ್ತು, ಹಂಚಿನ ಮೇಲೆ ರೊಟ್ಟಿ.

ಜಾಮೀನು ಸಿಗುವುದಕ್ಕೆ ಎಷ್ಟೋ ದಿನ ಹಿಡಿಯಿತು. ಊರಲ್ಲಿ ಅವನಿಗೆ ಚಿಗರಿ ಹೊಡೆದವ ಎಂದು ಹೆಸರು ಬಿತ್ತು. ಗಾಯರಾಣಕ್ಕೆ ಹೋದರೆ ಜೊತೆಯ ಕುರಿಗಾರರು ದೂರ ಕೂರುತ್ತಿದ್ದರಂತೆ. ಕುರಿಗಳನ್ನು ಮಾರಿ ಕೂಲಿಗೆ ಹೋದ. ಅತ್ತ ಭಾಲ್ಕಿಯಲ್ಲಿ ಭಾವ ಊಟಕ್ಕೆ ಕುಳಿತಾಗ, "ತವರಮನ್ಯಾಗ ಎಲ್ಲಾ ಆರಾಮ?" ಎಂದು ಕೇಳುತ್ತಿದ್ದರು. "ಆರಾಮ್ರಿ," ಎನ್ನುತ್ತಿದ್ದೆ.

ಕೆಲವು ವರ್ಷಕ್ಕೆ ನಾವು ಬೀದರಿನ ಚಿದ್ರಿಗೆ ಬಂದೆವು. ಅಣ್ಣನ ಕೇಸೂ ಬೀದರಿನಲ್ಲೇ. ಪ್ರತಿ ತಾರೀಖಿಗೆ ಕೋರ್ಟು ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಬರುವಾಗ ಒಂದು ಹಿಡಿ ಹಸಿ ಕಡಲೆ, ಇಲ್ಲವೇ ಮಕ್ಕಳಿಗೆ ಬಾರೆಹಣ್ಣು. ನಾನು ಬಡಿಸುತ್ತಿದ್ದೆ, ಅವನು ಉಣ್ಣುತ್ತಿದ್ದ.

ಒಂದು ಸಲ ತಾಟಿನಿಂದ ತಲೆ ಎತ್ತದೆ ಕೇಳಿದ. "ಆವಾಗ ನನ್ನ ಅಂಗಿ ಒಗದಾಕಿ ನೀನೇ ಏನ ತಂಗಿ?"

"ಹೂಂ," ಎಂದೆ.

ತಾಟಿನಲ್ಲಿ ಉಳಿದ ಪಲ್ಯ ಬಳಿದುಕೊಂಡ. "ಇರ್ಲಿ. ಇನ್ನೊಂದ್ ರೊಟ್ಟಿ ಹಾಕು."

ಕಡೆಗೆ ಸಾಕ್ಷಿ ಸಾಲದೆ ಅವನನ್ನು ಬಿಟ್ಟರು. ಕಂಬಳಿಯನ್ನು ವಾಪಸು ಕೊಟ್ಟರು. ಊರು ಮಾತ್ರ ಆ ಹೆಸರನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅವನು ತೀರಿಹೋದ ಮೇಲೆ ಅವನ ಹೆಂಡತಿ, ನನ್ನ ವೈನಿ, ಈ ಕಂಬಳಿಯನ್ನು ನನ್ನ ಕೈಗಿಟ್ಟು, "ನಿಮಗೇ ಕೊಡು ಅಂದಿದ್ರು. ಯಾಕಂತ ಹೇಳ್ಲಿಲ್ಲ," ಎಂದರು. ನಾನೂ ಹೇಳಲಿಲ್ಲ.

ಮೊನ್ನೆ ಅದನ್ನು ಒಣಹಾಕಲು ಮಾಳಿಗೆ ಹತ್ತಿದೆ. ನಮ್ಮ ಮಾಳಿಗೆಯಿಂದ ಚಿದ್ರಿಯ ಆಚೆಯ ಬಯಲು ಕಾಣುತ್ತದೆ. ಅಲ್ಲಿ ಈಗಲೂ ಚಿಗರಿಗಳು ಮೇಯುತ್ತವೆ. ಒಂದು ಕರಿ ಗಂಡು, ಏಳೆಂಟು ಹೆಣ್ಣು. ಅಷ್ಟು ದೂರದಿಂದ ಅವಕ್ಕೆ ಏನೂ ಕಾಣದು, ಗೊತ್ತು. ಆದರೂ ಕಂಬಳಿ ಬಿಡಿಸಲು ಕೈ ಬರಲಿಲ್ಲ. ಮಡಿಕೆ ಬಿಚ್ಚದೆ ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಬಂದೆ.

ಅಣ್ಣನ ಮೊಮ್ಮಗಳಿಗೆ ಈಗ ವರ ನೋಡುತ್ತಿದ್ದಾರೆ. ಹೋದ ವಾರ ಬಂದವರು, "ಚಿಗರಿ ಹೊಡದಾಂವ ಇದೇ ಮನ್ಯಾಂವೇನು?" ಎಂದು ಕೇಳಿ ಹೋದರಂತೆ. ವೈನಿ ಫೋನಿನಲ್ಲಿ ಅಳುತ್ತಿದ್ದರು. ಭಾವ ಇಂದಿಲ್ಲ, ಅವ್ವ ಇಲ್ಲ, ಅಣ್ಣನೂ ಇಲ್ಲ. ನನ್ನನ್ನು ಯಾವ ಕೋರ್ಟೂ ಕರೆಯುವುದಿಲ್ಲ. ಅದಕ್ಕೇ ನನಗೆ ಬರುವಷ್ಟು ಅಕ್ಷರದಲ್ಲಿ ಇಲ್ಲಿ ಬರೆದಿದ್ದೇನೆ. ಕಂಬಳಿ ಕೊಟ್ಟವಳು ನಾನು. ಅಣ್ಣ ಆ ದಿನ ಔರಾದಿನಲ್ಲಿದ್ದ. ಟಿಕೀಟು ನಾನು ನೋಡಿದ್ದೆ.