ಎಣ್ಣೆ ಬಾವಿಯ ಸುತ್ತ ಉಬ್ಬಿದ ನೆಲ

"ಆಗಲ್ಲ" ಅಂದವನು ನಮ್ಮ ಸೋದರಮಾವ. ಕುಣಿಗಲ್–ಹುಲಿಯೂರುದುರ್ಗ ಬಸ್ಸಿನ ಕಂಡಕ್ಟರ್. ನಮ್ಮ ವಂಶದಲ್ಲಿ ಯಾವ ವಿಷಯಕ್ಕೂ ಕೊನೆಯ ಮಾತು ಅವನದೇ. ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಮನೆಯಲ್ಲಿ ಪಿಯುಸಿ ದಾಟಿದ ಮೊದಲ ಪ್ರಾಣಿ ನಾನೇ. ಪ್ರಾಜೆಕ್ಟ್ ಏನು ಅಂತ ಮಾವ ಕೇಳಿದ, ಹೇಳಿದೆ: ಮರುಭೂಮಿಯ ಒಂದು ತೈಲಕ್ಷೇತ್ರದಲ್ಲಿ ಅಡಿಯಿಂದ ಎಣ್ಣೆ ಎಳೆದಂತೆಲ್ಲ ಮೇಲಿನ ನೆಲ ಕುಸಿಯುತ್ತದೆ, ಅದನ್ನು ಉಪಗ್ರಹದ ರೇಡಾರ್ ಚಿತ್ರಗಳಿಂದ ಅಳೆಯಬೇಕು.

"ಏನೇ, ಆಕಾಶದಾಗೆ ಕೂತ್ಕಂಡ್ರೆ ನೆಲ ಬೆರಳಷ್ಟು ಇಳಿದಿದ್ದು ಕಾಣ್ತದಾ? ರಶ್ ಇದ್ರೆ ನಂಗೆ ಬಸ್ಸಲ್ಲಿ ಹಿಂದಿನ ಸೀಟೇ ಕಾಣಲ್ಲ. ಅಕ್ಕಾ, ಇವ್ಳು ಪಾಸಾಗಲ್ಲ ಬುಡು."

ಅಮ್ಮ ರೊಟ್ಟಿ ತಿರುವಿ ಹಾಕಿದಳು.

ಮೊದಲ ರಿವ್ಯೂ ದಿನ ಮಾವನೇ ಗೆದ್ದ. ನನ್ನ ನಕ್ಷೆಯಲ್ಲಿ ಎಣ್ಣೆ ತೆಗೆಯುವ ಜಾಗ ಕದಲದೆ ನಿಂತಿತ್ತು. ಸುತ್ತಲಿನ ಮರಳುಗಾಡು ಮೇಲೆದ್ದಿತ್ತು.

"ಇದೇನಮ್ಮಾ, ಬಾವಿ ಇರೋ ಕಡೆ ಗಟ್ಟಿ, ಸುತ್ತ ಎಲ್ಲ ಇಡ್ಲಿ ಥರ ಉಬ್ಬಿದೆ!" ಅಂದರು ಗೈಡ್ ಮೇಡಂ. ಕ್ಲಾಸೆಲ್ಲ ನಕ್ಕಿತು. "ಸೋಮವಾರದೊಳಗೆ ಸರಿ ಮಾಡು. ಇಲ್ಲಾಂದ್ರೆ ನಿನ್ನ ಡಿಗ್ರಿ ಮುಂದಿನ ವರ್ಷ."

ಈ ಲೆಕ್ಕದಲ್ಲಿ ಮೊದಲು ಅಲುಗದ ಒಂದು ಜಾಗ ಆರಿಸಬೇಕು. ಉಳಿದ ನೆಲ ಏರಿತೋ ಇಳಿಯಿತೋ ಅನ್ನುವುದೆಲ್ಲ ಅದಕ್ಕೆ ಹೋಲಿಸಿಯೇ. ನಾನು ತೈಲಕ್ಷೇತ್ರದ ನಟ್ಟನಡುವಿನ ದೊಡ್ಡ ಕಟ್ಟಡ ಹಿಡಿದಿದ್ದೆ; ಚಿತ್ರದಲ್ಲಿ ಅದೇ ಎಲ್ಲಕ್ಕಿಂತ ಹೊಳೆಯುತ್ತಿತ್ತು. ನಮ್ಮ ಬೆಳ್ಳಾವಿ ಕಡೆಯ ಬುದ್ಧಿ! ನಮ್ಮೂರಲ್ಲಿ ಹೊಲ ಅಳೆಯಲು ನಿಂತರೆ ಟೇಪು ಹಿಡಿಯುವುದು ದೊಡ್ಡ ಮನೆಯವರ ಬಾಂದುಕಲ್ಲಿನಿಂದ. ಆ ಕಲ್ಲೇ ಸರಿದಿದ್ದರೆ ಅಂತ ಕೇಳುವ ಗಂಡಸು ಅಲ್ಲಿ ಇನ್ನೂ ಹುಟ್ಟಿಲ್ಲ. ನಾನೂ ಕೇಳಿರಲಿಲ್ಲ. ಕಟ್ಟಡ ನೆಲದ ಜತೆಗೇ ಇಳಿಯುತ್ತಿತ್ತು; ಅದನ್ನೇ ಅಲುಗದ್ದು ಅಂತ ಹಿಡಿದಿದ್ದಕ್ಕೆ ಸುತ್ತಲಿನ ನೆಲ ಏರಿದಂತೆ ಕಂಡಿತ್ತು.

ಬಾವಿಗಳಿಂದ ದೂರದ ಒಂದು ಬಂಡೆ ಹಿಡಿದು ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದೆ. ಲ್ಯಾಬಿನ ಕಂಪ್ಯೂಟರ್ ಸತ್ತು ಸತ್ತು ಬದುಕಿತು. ಸೋಮವಾರದ ನಕ್ಷೆಯಲ್ಲಿ ತೈಲಕ್ಷೇತ್ರ ಬಾಣಲೆಯ ಹಾಗೆ ತಗ್ಗಾಗಿ ಕೂತಿತ್ತು. ಮೇಡಂ ಹೊಗಳಲಿಲ್ಲ, ಸಹಿ ಹಾಕಿದರು. ನನಗೆ ಅಷ್ಟೇ ಬೇಕಿತ್ತು.

ಪದವಿ ಪ್ರದಾನದ ದಿನ ಸರ್ಟಿಫಿಕೇಟನ್ನು ಅಮ್ಮನ ಕೈಗೇ ಕೊಟ್ಟೆ. ಪಕ್ಕದಲ್ಲಿ ಮಾವ ಕೆಮ್ಮುತ್ತಾ ಫ್ಯಾನ್ ನೋಡುತ್ತಿದ್ದ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಬೆರಳಿಟ್ಟು ನನ್ನ ಹೆಸರು ಹುಡುಕಿದಳು.

"ಇಷ್ಟ್ ಸಣ್ದಾಗ್ ಬರ್ದವ್ರಲ್ಲೇ! ಒಂಚೂರು ದಪ್ಪಕ್ಕೆ ಬರೀರಿ ಅಂತ ಕೇಳಕ್ಕೇನ್ ಬಾಯಿ ಸತ್ತೋಗಿತ್ತಾ?"